‘ಮನೆ’ ಶಬ್ದದ ವ್ಯವಹಾರಾರ್ಥಗಳು

ದಿನಬಳಕೆಯ ಶಬ್ದಗಳಿಗೆ ಅರ್ಥ ಹೇಳುವಾಗ ಕಣ್ಣಿಗೆ ಕಾಣುವ ವಸ್ತುವನ್ನು ಮುಖ್ಯಾರ್ಥವೆಂದು ಮುಂದೆ ನಿಲ್ಲಿಸಿ, ಉಳಿದುದನ್ನೆಲ್ಲ ಲಕ್ಷ್ಯಾರ್ಥವೆಂದು ಅದರ ಹಿಂದೆ ಸಾಲುಗಟ್ಟಿಸುವ ಪದ್ಧತಿ ನಮ್ಮ ತರಗತಿಗಳಲ್ಲಿ ಬೇರೂರಿದೆ. ‘ಮನೆ’ ಎಂಬ ಶಬ್ದದ ವಿಷಯದಲ್ಲಿ ಈ ಕ್ರಮ ಸಲ್ಲದೆಂದು ನಮಗೆ ತೋರುತ್ತದೆ.

ಗೋಡೆ, ಮಾಡುಗಳುಳ್ಳ ಕಟ್ಟಡವೇ ಮುಖ್ಯಾರ್ಥವಾದರೆ ಒಂದೇ ಮನೆಯೊಳಗೆ ಅಡುಗೆಮನೆ, ದೇವರಮನೆ, ಬಚ್ಚಲುಮನೆಗಳು ಇರುವುದೆಂತು? ಚೌಕಾಬಾರದ 25 ಮನೆಗಳಿಗೂ ಜಾತಕದ 12 ಮನೆಗಳಿಗೂ ಗೋಡೆಯೇ ಇಲ್ಲ. ಲಕ್ಷಣೆಗೆ ಮುಖ್ಯಾರ್ಥಬಾಧೆ ಬೇಕೆಂದು ಮಮ್ಮಟನ ಮತ. ಕಾಯಿ ನಡೆಸುವ ಮಗುವಿಗಾದರೋ ಇಲ್ಲಿ ಯಾವ ಬಾಧೆಯೂ ತಟ್ಟುವುದಿಲ್ಲ. ರೂಢಿಲಕ್ಷಣೆಯೆಂದು ಪಂಡಿತರು ಸಮಾಧಾನ ಹೇಳಬಹುದು. ಆದರೆ ಸೋದರಭಾಷೆಗಳ ಸಾಕ್ಷ್ಯ ಬೇರೆಯಾಗಿದೆ. ತಮಿಳಿನ ‘ಮನೈ’ ವಾಸದ ಮನೆಯನ್ನಲ್ಲದೆ ಬರಿಯ ನಿವೇಶನವನ್ನೂ ಹೆಂಡತಿಯನ್ನೂ ಹೇಳುತ್ತದೆ. ಅಲ್ಲಿಯ ‘ಮನ್ನು’ ಎಂದರೆ ನೆಲೆನಿಲ್ಲು. ತೆಲುಗಿನ ‘ಮನು’ ಎಂದರೆ ಬಾಳು. ನೆಲೆಯೇ ಮೊದಲಿನ ಅರ್ಥ, ಕಟ್ಟಡವು ಅದರ ಒಂದು ಬಗೆ ಮಾತ್ರ ಎಂದು ಊಹಿಸುವುದು ಹೆಚ್ಚು ಯುಕ್ತ.

ಆಡುಮಾತಿನ ಕ್ರಿಯಾಪದಗಳು ಈ ಭೇದವನ್ನು ಚೆನ್ನಾಗಿ ಬಲ್ಲವು. ‘ಮನೆ ಕಟ್ಟಿದ’ ಎಂಬಲ್ಲಿ ಇಟ್ಟಿಗೆ ಗಾರೆಗಳುಂಟು. ‘ಪೇಟೆಯಲ್ಲಿ ಮನೆ ಮಾಡಿದ’ ಎಂಬಲ್ಲಿ ಅವು ಬೇಕಿಲ್ಲ, ಬಾಡಿಗೆಯ ಎರಡು ಕೋಣೆ ಸಾಕು. ‘ಮನೆ ಬಿದ್ದಿತು’ ಎಂದರೆ ಮಳೆಗೆ ಗೋಡೆ ಕುಸಿಯಿತೆಂದು ತಿಳಿಯುತ್ತೇವೆ. ‘ಮನೆ ಒಡೆಯಿತು’ ಎಂದರೆ ಒಂದು ಕಲ್ಲೂ ಅಲುಗಿರುವುದಿಲ್ಲ; ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಒಲೆ ಎರಡಾಗಿದೆ. ಎಷ್ಟೋ ಕಡೆ ಮನೆ ಒಡೆಯುವುದು ನಡುಮನೆಯಲ್ಲಿ ಹೊಸ ಗೋಡೆಯೊಂದು ಏಳುವುದರಿಂದಲೇ! ಕಟ್ಟಡವನ್ನು ಮುಖ್ಯಾರ್ಥವೆಂದು ಹಿಡಿದವರಿಗೆ ಈ ವಾಕ್ಯವು ಬರಿಯ ಅಲಂಕಾರವಾಗಿ ಕಂಡೀತು. ಆಡಿದವರಿಗೆ ಅದು ಅಲಂಕಾರವಲ್ಲ, ನಡೆದ ಸಂಗತಿ.

ಗಂಡನು ಹೆಂಡತಿಯನ್ನೂ ಹೆಂಡತಿಯು ಗಂಡನನ್ನೂ ‘ನಮ್ಮ ಮನೆಯವರು’ ಎನ್ನುವುದುಂಟು. ಹೆಸರು ಹೇಳಲೊಲ್ಲದ ಸಂಕೋಚವೆಂದು ಇದನ್ನು ವಿವರಿಸುವುದು ವಾಡಿಕೆ. ಅದು ಸುಳ್ಳಲ್ಲ. ಆದರೂ ಇಬ್ಬರ ನೆಲೆಯನ್ನು ಭಾಷೆ ಒಂದೇ ಸಮನಾಗಿ ಎಣಿಸಿಲ್ಲವೆಂಬುದನ್ನು ಮರೆಯಬಾರದು. ‘ಮನೆಯವಳು’ ಎಂದೊಡನೆ ಹೆಂಡತಿ ಎಂದಾಗುತ್ತದೆ. ‘ಮನೆಯವನು’ ಎಂದರೆ ಗಂಡನೆಂಬ ಅರ್ಥ ಅಷ್ಟು ನೇರವಾಗಿ ಹುಟ್ಟದು. ಮಾವನ ಮನೆಯಲ್ಲಿ ನೆಲೆಸಿದ ಗಂಡಿಗೆ ‘ಮನೆಯಳಿಯ’ನೆಂಬ ಬೇರೆ ಹೆಸರಿಟ್ಟ ನುಡಿಯು, ಅತ್ತೆಯ ಮನೆಯಲ್ಲಿ ಬಾಳುವ ಹೆಣ್ಣನ್ನು ಬರಿಯ ‘ಸೊಸೆ’ ಎಂದು ಬಿಟ್ಟಿತು. ಆಕೆಗಿರುವುದು ಹುಟ್ಟಿದ ಮನೆ, ಸೇರಿದ ಮನೆ. ವಿಶೇಷಣವಿಲ್ಲದ ‘ಮನೆ’ ಗಂಡನ ಬಾಯಲ್ಲಿ ಸಹಜವಾಗಿ ಬರುವುದು; ಆಕೆಯ ಬಾಯಲ್ಲಿ ಬಂದಾಗ, ‘ಯಾವ ಮನೆ?’ ಎಂದು ಕೇಳುವವರು ಇಂದಿಗೂ ಇದ್ದಾರೆ.