ಮೈಲುತುತ್ತದ ಕಪ್ಪು

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಬಿದರಿ ಹೂಜಿ, ಹುಕ್ಕಾಗಳ ಮುಂದೆ. ಬೀದರಿನ ಕುಸುರಿಗಾರ ಚಿತ್ತಾರ ಗೀರುವ ಮೊದಲು ಸತುವಿನ ಪಾತ್ರೆಗೆ ಮೈಲುತುತ್ತದ ನೀರು ಸವರುತ್ತಾನೆ. ಲೋಹ ಸದ್ಯಕ್ಕೆ ಕಪ್ಪಾಗಿ, ಗೀರಿದ ಗೆರೆ ಕಾಣುತ್ತದೆ. ಬೆಳ್ಳಿ ಕೂರಿಸಿದ ಮೇಲೆ ಆ ಕಪ್ಪನ್ನು ಉಜ್ಜಿ ತೆಗೆದು, ಬೀದರ್ ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಾಯಂ ಕಪ್ಪು ಕೊಡುತ್ತಾರೆ. ಈ ವಾರ ನನಗೆ ಬೇಕಾದದ್ದು ಆ ಮೊದಲನೇ ಕಪ್ಪು.

ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಟೆಂಪ್ಲೇಟ್ ಬರೆಯುವವರಿಗೆ, ಒಳಗೆ ನಡೆಯುವುದನ್ನು ಕಾಣಿಸುವ ಅಂಥ ಕಪ್ಪು ಬಹಳ ಕಾಲ ಇರಲಿಲ್ಲ. ಟೆಂಪ್ಲೇಟ್ ಎಂದರೆ ಎರಕದ ಅಚ್ಚು. ಕೇಳಿದ ಟೈಪಿಗೆ ತಕ್ಕ ಕೋಡನ್ನು ಕಂಪೈಲರ್ ಹೊಯ್ದು ಕೊಡುತ್ತದೆ. 1994ರಲ್ಲಿ ಎರ್ವಿನ್ ಉನ್ರುಹ್ ತೋರಿಸಿದ ಪ್ರೋಗ್ರಾಂ ಕಂಪೈಲೇ ಆಗಲಿಲ್ಲ, ಆದರೆ ಎರರ್‌ಗಳಲ್ಲಿ ಅವಿಭಾಜ್ಯ ಸಂಖ್ಯೆಗಳು ಸಾಲುಗಟ್ಟಿದ್ದವು. ಅಚ್ಚೇ ಲೆಕ್ಕ ಮಾಡುತ್ತಿತ್ತು! ಆಮೇಲೂ ವರ್ಷಗಟ್ಟಲೆ ನಾವು ಎರರ್ ಓದಿಯೇ ಒಳಗೇನಾಯಿತೆಂದು ಊಹಿಸಿದೆವು; ಕಂಪೈಲ್ ಆಗುವಾಗ ನಡುವೆ ಪ್ರಿಂಟ್ ಹಾಕಿ ನೋಡುವಂತಿರಲಿಲ್ಲವಲ್ಲ. ಮಾಧಾಪುರದಲ್ಲಿ ಒಮ್ಮೆ ನಾನು ಒಂದು ಕಾನ್ಸ್ಟ್ ಮರೆತು ಬಂದ ಎರರ್ ಓದಿ ಮುಗಿಸುವಷ್ಟರಲ್ಲಿ ಎರಡು ಇರಾನಿ ಚಹಾ ತಣ್ಣಗಾಗಿದ್ದವು.

ಆಬೆಲ್ ಶಿಂಕೊವಿಚ್ ಅವರ ಮೆಟಾಶೆಲ್ ನನ್ನ ಪಾಲಿನ ಮೈಲುತುತ್ತ. ಕ್ಲ್ಯಾಂಗ್ ಕಂಪೈಲರನ್ನು ಆಧರಿಸಿದ ಈ ಶೆಲ್‌ನಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಉತ್ತರವಾಗಿ ಟೈಪು ಬರುತ್ತದೆ. ಅದರ ಡೀಬಗರ್‌ಗೆ ಫಿಬೊನಾಚಿಯ ಐದನ್ನು ಕೊಟ್ಟು ಒಂದೊಂದೇ ಹೆಜ್ಜೆ ಇಡಿ. ನಾಲ್ಕು, ಮೂರು, ಎರಡು ಎಂದು ಇಳಿಯುತ್ತದೆ. ಮತ್ತೆ ಮೂರು ಬೇಕಾದಾಗ ಹೊಸದಾಗಿ ಹೊಯ್ಯುವುದಿಲ್ಲ. ಆಗಲೇ ಹೊಯ್ದದ್ದನ್ನು ಎತ್ತಿಕೊಂಡು, 'ಮೆಮೊಯಿಸೇಶನ್' ಎಂದು ಪಕ್ಕದಲ್ಲಿ ಗುರುತು ಹಾಕುತ್ತದೆ. ಪ್ರೋಗ್ರಾಂ ಓಡುವಾಗಿನ ಬರೀ ರಿಕರ್ಶನ್ ಆದರೆ ಮಾಡಿದ ಲೆಕ್ಕವನ್ನೇ ಮಾಡಿ ಮಾಡಿ ಬೇಸತ್ತುಹೋಗುತ್ತದೆ. ಈ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದಿ ತಲೆಯಾಡಿಸಿದ್ದೆ. ಕಣ್ಣಾರೆ ಕಂಡದ್ದು ಇಲ್ಲಿ.

ಆದರೂ ದಿನನಿತ್ಯಕ್ಕೆ ನಾನು ಮೆಟಾಶೆಲ್ ತೆರೆಯುವುದಿಲ್ಲ. ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಶುರುಮಾಡಿದ ಕಂಪೈಲರ್ ಎಕ್ಸ್‌ಪ್ಲೋರರ್ ಎಂಬ ಜಾಲತಾಣ ಸಾಕು: ಜಿಸಿಸಿ ಒಪ್ಪಿದ್ದನ್ನು ಕ್ಲ್ಯಾಂಗ್ ಒಪ್ಪದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಚ್ಚಿನಿಂದ ಹೊರಬಿದ್ದ ಕೋಡನ್ನೇ ನೋಡಬೇಕೆಂದರೆ ಆಂಡ್ರಿಯಾಸ್ ಫೆರ್ಟಿಗ್ ಅವರ ಸಿ ಪ್ಲಸ್ ಪ್ಲಸ್ ಇನ್‌ಸೈಟ್ಸ್ ಇದೆ.

ಪರೀಕ್ಷೆಗೆ ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಆವೃತ್ತಿಯಲ್ಲಿ ಬಂದ ಸ್ಟ್ಯಾಟಿಕ್ ಅಸರ್ಟ್‌ನಷ್ಟು ಸಲೀಸಾದದ್ದು ಬೇರಿಲ್ಲ. ಟೆಂಪ್ಲೇಟಿಗಿಂತ ಮೊದಲು ಅದನ್ನೇ ಬರೆಯುತ್ತೇನೆ. ಲೆಕ್ಕ ತಪ್ಪಿದರೆ ಕಂಪೈಲ್ ನಿಂತು, ನಾವು ಬರೆದಿಟ್ಟ ಮಾತು ಎರರ್ ಆಗಿ ಬರುತ್ತದೆ. ನನ್ನ ಸ್ವಂತ ಕೋಡಿನಲ್ಲಿ ಆ ಮಾತು ಕನ್ನಡದಲ್ಲೇ ಇರುತ್ತದೆ. ಪಕ್ಕದ ಮನೆಯ ತೆಲುಗು ಹುಡುಗ ಅಕ್ಷರ ಕೂಡಿಸಿಕೊಂಡು ಅರ್ಧ ಓದುತ್ತಾನೆ, ಉಳಿದರ್ಧಕ್ಕೆ ನನ್ನ ಮುಖ ನೋಡುತ್ತಾನೆ.