ಆಟಕ್ಕೆ ಒಪ್ಪುವ ಮನೆ

ನಾಟಕವನ್ನು ಕುರಿತು ಬರೆಯುವವರು ಕವಿಯನ್ನು ಹೊಗಳುತ್ತಾರೆ, ನಟನನ್ನು ಹೊಗಳುತ್ತಾರೆ, ತೀರ ಉದಾರಿಗಳಾದರೆ ಪರದೆ ಬರೆದವನನ್ನೂ ನೆನೆಯುತ್ತಾರೆ. ಆಟ ನಡೆದ ಮನೆಯನ್ನು ಕಟ್ಟಿದವನ ಹೆಸರೆತ್ತುವವರು ವಿರಳ. ಆದರೆ ಮಾತು ಕೊನೆಯ ಸಾಲಿನವನ ಕಿವಿಗೆ ಬೀಳುವುದೂ ನಟಿಯ ಹುಬ್ಬಿನ ಕೊಂಕು ಅವನ ಕಣ್ಣಿಗೆ ಕಾಣುವುದೂ ಕಟ್ಟಿದವನ ಕೈಯಲ್ಲಿದೆ. ಅವನ ಕೃತಿಯೂ ವಿಮರ್ಶೆಗೆ ಒಳಗಾಗಬೇಕಾದದ್ದೇ.

ಇಂಗ್ಲೆಂಡಿನ ಫ್ರ್ಯಾಂಕ್ ಮ್ಯಾಚಮ್ (1854–1920) ತನ್ನ ಆಯುಷ್ಯವನ್ನೆಲ್ಲ ನಾಟಕಗೃಹಗಳಿಗೇ ಸವೆಸಿದವನು. ಲಂಡನ್ನಿನ ಹ್ಯಾಕ್ನಿ ಎಂಪೈರ್ (1901), ಕೊಲಿಸಿಯಂ (1904), ಪಲೇಡಿಯಂ (1910) ಅವನ ಕೈಗೆಲಸ. ಗೋಡೆಯಿಂದ ಹೊರಚಾಚಿದ ಉಕ್ಕಿನ ತೊಲೆಗಳ ಮೇಲೆ ಅವನು ಬಾಲ್ಕನಿಗಳನ್ನು ನಿಲ್ಲಿಸಿದ; ನೋಟಕ್ಕೆ ಅಡ್ಡಬರುತ್ತಿದ್ದ ಕಂಬಗಳು ಕಡಿಮೆಯಾದವು. ಅಗ್ಗದ ಟಿಕೀಟಿನವನಿಗೂ ರಂಗ ಕಂಡಿತು.

ಇಂಥ ಒಬ್ಬ ಮ್ಯಾಚಮ್ ನಮ್ಮ ನಾಡಿನಲ್ಲಿ ಹುಟ್ಟಲಿಲ್ಲ. ಕಂಪನಿ ನಾಟಕದ ದಿನಗಳಲ್ಲಿ ಥೇಟರೆಂದರೆ ತಗಡು, ಗಳ, ತಟ್ಟಿ. ಜಾತ್ರೆಯಿಂದ ಜಾತ್ರೆಗೆ ಅದು ಎದ್ದು ನಿಲ್ಲುತ್ತಿತ್ತು, ಬಿಚ್ಚಿಕೊಂಡು ಗಾಡಿಯೇರುತ್ತಿತ್ತು. ಅದನ್ನು ನಿಲ್ಲಿಸಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಇನ್ನು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಂಥ ಕೃಷ್ಣಾತೀರದ ಹಳ್ಳಿಗಳ ಸೀಮೆಯಲ್ಲಿ ಆ ತಗಡೂ ಬೇಕಾಗಿರಲಿಲ್ಲ. ಇದು ಪಾರಿಜಾತದ ಸೀಮೆ. ಅಪರಾಳ ತಮ್ಮಣ್ಣ ರಚಿಸಿ, ಕುಲಗೋಡ ತಮ್ಮಣ್ಣ ಬೆಳೆಸಿ, ಕೌಜಲಗಿ ನಿಂಗಮ್ಮ ಮನೆಮಾತು ಮಾಡಿದ ಆ ಸಣ್ಣಾಟಕ್ಕೆ ಒಂದು ಅಟ್ಟ ಸಾಕು. ಮುಂದೆ ಮತ್ತು ಎರಡೂ ಮಗ್ಗುಲಿಗೆ ಜನ. ಬೆನ್ನ ಹಿಂದೆ ಹಿಮ್ಮೇಳ. ಭಾಗವತ ಪ್ರಶ್ನೆ ಕೇಳುತ್ತಾನೆ, ಸತ್ಯಭಾಮೆ ಸಿಡುಕುತ್ತಾಳೆ, ದೂತಿ ನಗಿಸುತ್ತಾಳೆ. ಈ ಮಾತುಕತೆಯ ಜೀವ ಇರುವುದು ಸಮೀಪದಲ್ಲಿ. ಜನ ಅತ್ತ ಸರಿದರೆ ಸರಸವೂ ಸತ್ತಂತೆ. ಇದನ್ನು ಅಟ್ಟ ಕಟ್ಟುವವರು ಯಾವ ನಕಾಶೆಯೂ ಇಲ್ಲದೆ ಬಲ್ಲವರಾಗಿದ್ದರು.

ಸ್ವಾತಂತ್ರ್ಯಾನಂತರ ರಂಗಮಂದಿರ ಕಟ್ಟುವ ಹೊಣೆ ಸರಕಾರದ ಪಾಲಿಗೆ ಬಂದಿತು. ಮೈಸೂರು ಸರಕಾರದ ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಹೆಸರು ವಿಧಾನಸೌಧದೊಡನೆ ಬೆಸೆದುಕೊಂಡಿದೆ. 1951ರಲ್ಲಿ ನೆಹರೂ ಅವರು ಅಡಿಗಲ್ಲಿಟ್ಟ ಆ ಕಟ್ಟಡವು ಕೆಂಗಲ್ ಹನುಮಂತಯ್ಯನವರ ಛಲದಿಂದ ಮೊದಲಿನ ನಕಾಶೆಯನ್ನು ಬಿಟ್ಟು ದ್ರಾವಿಡ ಶೈಲಿಯ ಭವ್ಯ ರೂಪ ತಾಳಿತು, 1956ರಲ್ಲಿ ಪೂರ್ಣಗೊಂಡಿತು. ಹೊರಗೆ ನಿಂತು ನೋಡುವವನಿಗೆ ಅದು ಮಹಾಕಾವ್ಯ. ರವೀಂದ್ರರ ಶತಮಾನೋತ್ಸವದ (1961) ನೆನಪಿಗೆಂದು ಕಟ್ಟಿ, 1963ರಲ್ಲಿ ತೆರೆದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವೂ ಅವರ ಕಾಲದ್ದೇ, ಅವರದೇ ಕೃತಿ. ಅದರ ಉಪಕಾರ ಸಣ್ಣದಲ್ಲ. ಹವ್ಯಾಸಿ ತಂಡಗಳಿಗೆ ಸ್ಥಿರವಾದ ರಂಗ, ದೀಪ, ಪರದೆ ಅಲ್ಲಿ ದೊರೆತವು. ಆದರೆ ಸುಮಾರು ಸಾವಿರ ಆಸನಗಳು, ಚೌಕಟ್ಟಿನೊಳಗೆ ಕೂಡಿಸಿದ ರಂಗ, ನಡುವೆ ದೊಡ್ಡದೊಂದು ಅಂತರ—ಇವು ಭಾಷಣಕ್ಕೂ ನೃತ್ಯಕ್ಕೂ ಒಪ್ಪಿದಷ್ಟು ಪಿಸುಮಾತಿಗೆ ಒಪ್ಪವು. ದೋಷ ಒಬ್ಬ ವ್ಯಕ್ತಿಯದಲ್ಲ. ಇಂದು ಕಚೇರಿ, ನಾಳೆ ಆಸ್ಪತ್ರೆ, ನಾಡಿದ್ದು ರಂಗಮಂದಿರ ಎಂದು ಒಂದೇ ಕೈಗೆ ಎಲ್ಲವನ್ನೂ ಒಪ್ಪಿಸಿದರೆ, ಕಟ್ಟಡ ಹೊರಗಣ್ಣಿಗೆ ಚೆಂದವಾಗುತ್ತದೆ. ಒಳಗಿವಿಯ ಮಾತು ಹಿಂದೆ ಬೀಳುತ್ತದೆ.

ಈ ಕಟ್ಟಡಕ್ಕೆ ಅತ್ಯಂತ ಕಟುವಾದ ವಿಮರ್ಶೆ ಬಂದದ್ದು ಲೇಖನಿಯಿಂದಲ್ಲ. 1972ರಲ್ಲಿ ಬಿ.ವಿ. ಕಾರಂತರು ಲಂಕೇಶರ ‘ಈಡಿಪಸ್’ ಅನುವಾದ ಮತ್ತು ‘ಸಂಕ್ರಾಂತಿ’ಯನ್ನೂ ಕಂಬಾರರ ‘ಜೋಕುಮಾರಸ್ವಾಮಿ’ಯನ್ನೂ ಆಡಿಸಿದರು, ಆಡಿಸಿದ್ದು ಕಲಾಕ್ಷೇತ್ರದ ಒಳಗಲ್ಲ, ಅದರ ಹಿಂದಿನ ಬಯಲಿನಲ್ಲಿ. ಘೋಡಗೇರಿಯ ಕಂಬಾರರು ನಮ್ಮ ಸೀಮೆಯ ಬಯಲಾಟದ ಮೈಯಿಂದಲೇ ಹುಟ್ಟಿಸಿದ ನಾಟಕ ಮಾಡಿನ ಕೆಳಗೆ ಹೇಗೆ ನಿಲ್ಲಬೇಕು? ಕಟ್ಟಿದ ಮನೆಯ ಹಿತ್ತಿಲಿಗೆ ಬಂದು ಕನ್ನಡ ರಂಗಭೂಮಿ ಹೊಸ ಉಸಿರು ಪಡೆಯಿತು. ಆ ಬಯಲಿಗೆ ಮುಂದೆ ಸಂಸರ ಹೆಸರು ಬಂದಿತು.

ಪಾಠ ಕಲಿತವರೂ ಇದ್ದಾರೆ. 1990ರಲ್ಲಿ ತೀರಿಹೋದ ಶಂಕರನಾಗರ ಕನಸನ್ನು ಅರುಂಧತಿ ನಾಗ್ ಅವರು ಜನರಿಂದ ಹಣ ಕೂಡಿಸಿ 2004ರಲ್ಲಿ ‘ರಂಗಶಂಕರ’ವಾಗಿ ನಿಲ್ಲಿಸಿದರು. ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ. ಆಸನ ಮುನ್ನೂರಕ್ಕೆ ತುಸು ಮೇಲೆ; ರಂಗವು ಪ್ರೇಕ್ಷಕರ ನಡುವೆ ಮುಂಚಾಚಿದೆ, ಜನ ಅದನ್ನು ಮೂರು ಕಡೆಯಿಂದ ಸುತ್ತುವರಿಯುತ್ತಾರೆ. ಪಾರಿಜಾತದ ಅಟ್ಟವೇ ಗಾಜು ಸಿಮೆಂಟುಗಳ ಊರಿನಲ್ಲಿ ಬೇರೆ ಅಂಗಿ ತೊಟ್ಟಂತೆ ಇದು ತೋರುವುದಿಲ್ಲವೆ? ಇಲ್ಲಿ ವಾಸ್ತುಶಿಲ್ಪಿಗೆ ಆಟಗಾರರ ಬೇಡಿಕೆಯೇ ಮೊದಲ ನಕಾಶೆಯಾಯಿತು. ಗೆಲುವಿನ ಗುಟ್ಟು ಇದು.

ಇಂದು ಜಿಲ್ಲೆ, ತಾಲೂಕುಗಳಲ್ಲಿ ರಂಗಮಂದಿರಗಳು ಏಳುತ್ತಿವೆ. ಹಲವು ಸತ್ಕಾರ ಸಮಾರಂಭಗಳಿಗೂ ಜಯಂತಿಗಳಿಗೂ ತಕ್ಕವು. ಆಟದವರು ಅಲ್ಲಿ ಬಾಡಿಗೆಯ ಅತಿಥಿಗಳು. ಮಂದಿರ ಕಟ್ಟಿ ಆಟ ಹುಡುಕುವುದು, ತೊಟ್ಟಿಲು ಕಟ್ಟಿ ಕೂಸಿನ ಅಳತೆ ಕೇಳಿದಂತೆ.

ಚಿಕ್ಕಪಡಸಲಗಿ ಈ ಮಾತಿಗೆ ಒಳ್ಳೆಯ ಸಾಕ್ಷಿ. 1989ರಲ್ಲಿ ಇಲ್ಲಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಬೇಕಾದವರೇ ಕಟ್ಟಿದ್ದರಿಂದ ಕಟ್ಟಿದ್ದು ನೀರಿಗಾಗಿಯೇ ಆಯಿತು, ತೋರಿಕೆಗಾಗಿ ಆಗಲಿಲ್ಲ. ರಂಗಮಂದಿರದ ಸಮಿತಿಗಳಲ್ಲಿ ಎಂಜಿನಿಯರರ ಪಕ್ಕಕ್ಕೆ ಒಬ್ಬ ಭಾಗವತನಿಗೂ ಒಬ್ಬ ದೂತಿಗೂ ಕುರ್ಚಿ ಹಾಕಿದರೆ, ನಮ್ಮಲ್ಲಿಯೂ ಮ್ಯಾಚಮ್‌ನ ದಾರಿ ತೆರೆದೀತು.