‘ಉಂಟು’, ‘ಇಲ್ಲ’ ಎರಡೇ ಮಾತಿನ ನಾಯಕ: ‘ಡ್ರ್ಯಾಗನ್ ಕ್ವೆಸ್ಟ್ 11’ ಆಡಿದ ಮೇಲೆ

ಕನ್ನಡ ಎಂ.ಎ. ಸೆಮಿನಾರಿನಲ್ಲಿ ವಿಡಿಯೋ ಗೇಮ್ ಎಂತಕ್ಕೆ ಅಂತ ಒಂದಿಬ್ಬರು ಆಗಲೇ ಕೇಳಿದ್ದಾರೆ. ಈ ಆಟದಲ್ಲಿ ನಾನು ಕಳೆದ 80 ಚಿಲ್ಲರೆ ಗಂಟೆಗಳಲ್ಲಿ ಹೆಚ್ಚಿನದ್ದು ಓದುವುದರಲ್ಲೇ ಹೋಯಿತು. ಅದಕ್ಕೇ ಇಲ್ಲಿಗೆ ತಂದೆ.

‘ಡ್ರ್ಯಾಗನ್ ಕ್ವೆಸ್ಟ್’ ಜಪಾನಿನಲ್ಲಿ 1986ರಲ್ಲಿ ಶುರುವಾದ ಸರಣಿ. ಕಥೆ ಯೂಜಿ ಹೊರಿಯವರದು, ಪಾತ್ರಗಳ ಚಿತ್ರ ಅಕಿರಾ ತೊರಿಯಾಮ ಅವರದು. ಹನ್ನೊಂದನೆಯ ಆಟ ಅಲ್ಲಿ 2017ರಲ್ಲಿ ಬಂತು, ಇಂಗ್ಲಿಷಿನಲ್ಲಿ ಮರುವರ್ಷ. ತಂಡ ಕಟ್ಟಿಕೊಂಡು ಊರೂರು ತಿರುಗಬೇಕು, ಕಂಡವರನ್ನೆಲ್ಲ ಮಾತಾಡಿಸಬೇಕು, ಸರದಿ ಬಂದಾಗ ಹೊಡೆಯಬೇಕು. ಯುದ್ಧ ಹಳೆಯ ಕ್ರಮದ್ದು, ಚೆನ್ನಾಗಿಯೇ ಉಂಟು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಪಾನಿ ನನಗೆ ಬಾರದು, ಹಾಗಾಗಿ ಮಾತೆಲ್ಲ ಇಂಗ್ಲಿಷ್ ಪಠ್ಯದ ಬಗ್ಗೆ.

ಆ ಪಠ್ಯದಲ್ಲಿ ಒಂದೊಂದು ಊರಿಗೆ ಒಂದೊಂದು ಇಂಗ್ಲಿಷ್. ಕಾಲುವೆಗಳ ಊರು ಗೊಂಡೋಲಿಯಾದವರು ಇಟಲಿಯ ಧಾಟಿಯಲ್ಲಿ ಮಾತಾಡ್ತಾರೆ. ಪುಯೆರ್ತೊ ವಲೋರಿನವರದು ಸ್ಪ್ಯಾನಿಷ್ ಧಾಟಿ. ಬಿಸಿನೀರಿನ ಬುಗ್ಗೆಗಳ ಊರಾದ ಹೊಟ್ಟೋದಲ್ಲಿ ಜನ ಮಾತಾಡುವುದೇ ಹಾಯ್ಕುವಿನಲ್ಲಿ, 5-7-5 ಅಕ್ಷರಗಣನೆ ತಪ್ಪದ ಹಾಗೆ. ಅಂಗಡಿಯವನೂ ಹಾಗೆಯೇ! ಮೊದಲಿಗೆ ನಗು ಬರ್ತದೆ. ಆದರೆ ಆ ಊರಿನಲ್ಲಿ ಒಬ್ಬ ತಾಯಿ ಇದ್ದಾಳೆ, ಮೀಕೋ. ಮಗ ಶಾಪದಿಂದ ಡ್ರ್ಯಾಗನ್ ಆಗಿಬಿಟ್ಟದ್ದನ್ನು ಊರಿನವರಿಂದ ಮುಚ್ಚಿಟ್ಟವಳು. ಅವಳ ಕಥೆ ಗೊತ್ತಾದ ಮೇಲೆ ಆ ಎಣಿಸಿ ಆಡುವ ಮಾತು ಬೇರೆಯೇ ಆಗಿ ಕೇಳ್ತದೆ. ಇದನ್ನು ಕನ್ನಡಕ್ಕೆ ತ್ರಿಪದಿಯಲ್ಲಿ ತಂದರೆ ಹೇಗೆ ಅಂತ ಒಮ್ಮೆ ಯೋಚಿಸಿದೆ. ಆಗುವುದಿಲ್ಲ. ತ್ರಿಪದಿ ಬಂದ ಕೂಡಲೇ ಹೊಟ್ಟೋದ ಅಂಗಡಿಯವನು ಸರ್ವಜ್ಞನಾಗಿಬಿಡ್ತಾನೆ, ಮೀಕೋ ಬೀಸುಕಲ್ಲಿನ ಮುಂದೆ ಕೂತುಬಿಡ್ತಾಳೆ.

ಅನುವಾದಕರ ಕೆಲಸಕ್ಕೆ ನನ್ನ ಮೆಚ್ಚುಗೆ ಉಂಟು. ತಕರಾರು ಬೇರೆ. ಅಲ್ಲಿ ಊರಿನ ಬಾಗಿಲು ದಾಟಿದರೆ ಭಾಷೆಯೂ ಮುಗಿಯಿತು. ನಮ್ಮ ಕಾಸರಗೋಡಿನಲ್ಲಿ ಒಂದೇ ಬಸ್ಸಿನ ಒಳಗೆ ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ ಕೇಳ್ತದೆ, ಮನುಷ್ಯನೊಬ್ಬನೇ ಮೂರು ಆಡ್ತಾನೆ. ಆಟದಲ್ಲಿ ಗೊಂಡೋಲಿಯಾಕ್ಕೆ ಮದುವೆಯಾಗಿ ಬಂದ ಹೊಟ್ಟೋದ ಹೆಂಗಸು ಮನೆಯಲ್ಲಿ ಯಾವ ಮಾತು ಆಡ್ತಾಳೆ? ಅಂಥವಳನ್ನು ಹುಡುಕಿದೆ, ನನಗೆ ಸಿಗಲಿಲ್ಲ. ಧಾಟಿ ಊರಿನ ವೇಷದ ಹಾಗೆ, ಬಣ್ಣದ ಹಾಗೆ. ಬಾಳ್ವೆಯಲ್ಲಿ ಬೆರೆತದ್ದು ಅಲ್ಲ.

ಈಗ ನಾಯಕನಿಗೆ ಬರ್ತೇನೆ. ಶಿಶುವಾಗಿ ಹೊಳೆಯಲ್ಲಿ ತೇಲಿಬಂದವನು. ಕಾಬಲ್‌ಸ್ಟೋನ್ ಎಂಬ ಹಳ್ಳಿಯ ಮುದುಕ ಎತ್ತಿಕೊಂಡ, ಮುದುಕನ ಮಗಳು ಸಾಕಿದಳು. ಆ ಹಳ್ಳಿಯವರದು ಇಂಗ್ಲೆಂಡಿನ ನಾಡಾಡಿ ಮಾತು. 16 ತುಂಬಿದಾಗ ಇವನು ಹೀಲಿಯೊಡೋರ್ ಅರಮನೆಗೆ ಹೋಗ್ತಾನೆ, ತಾನು ಯಾರು, ಎಲ್ಲಿಂದ ಬಂದೆ ಎಂಬುದನ್ನು ಅಲ್ಲಿ ತಿಳಿಸ್ತಾನೆ, ಸೆರೆಮನೆಗೆ ತಳ್ಳಿಸಿಕೊಳ್ತಾನೆ. ಆಮೇಲೆ ಹಳ್ಳಿಯನ್ನೂ ಸುಡ್ತಾರೆ. ಇಷ್ಟೆಲ್ಲ ಆದರೂ ಇವನಿಗೆ ಮಾತಿಲ್ಲ. ನಾಯಕ ಮಾತಾಡದಿರುವುದು ಈ ಸರಣಿಯ ಹಳೆಯ ಸಂಪ್ರದಾಯ, ಆಡುವವನೇ ನಾಯಕ ಎಂಬ ಲೆಕ್ಕದಲ್ಲಿ. ಹಾಗಾಗಿ ಅರಮನೆಯಲ್ಲಿ ಅವನು ಹಳ್ಳಿಯ ಮಾತೇ ಆಡಿದನಾ, ಅದನ್ನು ಒರೆಸಿಕೊಂಡು ಹೋದನಾ, ನಮಗೆ ಕಡೆಯವರೆಗೂ ಗೊತ್ತಾಗುವುದಿಲ್ಲ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ದೊಡ್ಡ ಕೊರತೆ. ಹೊಳೆಯಲ್ಲಿ ತೇಲಿಬಂದ ಇನ್ನೊಬ್ಬ ನಮಗೆ ಗೊತ್ತುಂಟಲ್ಲ, ಕರ್ಣ. ಅವನು ಸೂತನೋ ಕ್ಷತ್ರಿಯನೋ ಎಂಬುದನ್ನು ಅರ್ಥಧಾರಿಗಳು ರಾತ್ರಿಯಿಡೀ ಮಾತಿನಲ್ಲೇ ಹಿಡಿದು ಎಳೀತಾರೆ. ಮಾತು ನಿಂತರೆ ಅಲ್ಲಿ ಕರ್ಣನೇ ಇಲ್ಲ.

ಹೀಗೆ ಬೈದುಕೊಂಡೇ ಆಡ್ತಾ ಇದ್ದೆ. ಒಂದು ಸಣ್ಣ ವಿಷಯ ನನ್ನನ್ನು ನಿಲ್ಲಿಸಿತು. ಈ ನಾಯಕನಿಗೆ ಸಿಗುವುದು ಎರಡೇ ಉತ್ತರ: ಹೌದು, ಇಲ್ಲ. ನನಗೆ ಮಲಯಾಳ ಕಿವಿಗೆ ಬರ್ತದೆ, ನಾಲಗೆಗೆ ಪೂರ್ತಿ ಬರುವುದಿಲ್ಲ. ಹತ್ತನೆಯದರವರೆಗೆ ಕನ್ನಡ ಮಾಧ್ಯಮ. ಕಚೇರಿಯ ಕೌಂಟರಿನಲ್ಲಿ ರೇಷನ್ ಕಾರ್ಡ್ ಉಂಟಾ, ಪ್ರತಿ ಉಂಟಾ ಅಂತ ಮಲಯಾಳದಲ್ಲಿ ಕೇಳಿದಾಗ ನಾನು ‘ಉಂಟು’, ‘ಇಲ್ಲ’ ಅಂತ ಮಾತ್ರ ಹೇಳಿ ಬರ್ತೇನೆ. ಆ ಎರಡು ಶಬ್ದ ಎರಡೂ ಭಾಷೆಯಲ್ಲಿ ನಡೀತದೆ, ಸಿಕ್ಕಿಬೀಳುವುದಿಲ್ಲ. ಅವನ ಮೌನವನ್ನು ಖಾಲಿ ಅಂದೆನಲ್ಲ, ನನ್ನದನ್ನು ಏನೆನ್ನಬೇಕು?

ಮುಂದಿನದು ಕಥೆಯ ಗುಟ್ಟು, ಆಡಲಿಕ್ಕೆ ಇರುವವರು ಕಿವಿ ಮುಚ್ಚಿಕೊಳ್ಳಿ. ವಿಶ್ವವೃಕ್ಷ ಬಿದ್ದ ದಿನ ಜೊತೆಯವರನ್ನು ಉಳಿಸಲಿಕ್ಕೆ ಹೋಗಿ ವೆರೋನಿಕಾ ಸಾಯ್ತಾಳೆ. ವೈರಿಯನ್ನು ಕೊಂದು ಆಟ ಮುಗಿಯಿತು ಅನ್ನುವಾಗ, ನಾಯಕ ಒಬ್ಬನೇ ಕಾಲದಲ್ಲಿ ಹಿಂದೆ ಹೋಗುವ ದಾರಿ ತೆರೀತದೆ. ಹೋಗ್ತಾನೆ. ಅಲ್ಲಿ ಅವಳು ಬದುಕಿದ್ದಾಳೆ, ಆದರೆ ಒಟ್ಟಿಗೆ ಪಟ್ಟ ಪಾಡು ಯಾರಿಗೂ ಇನ್ನೂ ನಡೆದೇ ಇಲ್ಲ. ಇವನಿಗೆ ಮಾತ್ರ ನೆನಪು. 30 ವರ್ಷದ ಹಳೆಯ ಸಂಪ್ರದಾಯ ಅಲ್ಲಿ ಮೊದಲ ಬಾರಿಗೆ ನನಗೆ ಸಂಕಟವಾಗಿ ಕಂಡಿತು: ಹೇಳಬೇಕಾದ್ದು ಇದೆ, ಹೇಳುವ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಲೇಖಕರು ಇದನ್ನು ಉದ್ದೇಶಿಸಿದ್ದಾರೆ ಅಂತ ವಾದಿಸಲಾರೆ. ಅವರು ಕಥೆಯನ್ನು ಬೇಗ ಬೇಗ ಸುಖದ ಕಡೆಗೆ ತಿರುಗಿಸಿಬಿಡ್ತಾರೆ, ಅದು ನನಗೆ ಇಷ್ಟವಾಗಲಿಲ್ಲ.

ಕಾಬಲ್‌ಸ್ಟೋನಿನ ತಾಯಿ ಮಗನನ್ನು ಕಳಿಸಿಕೊಡುವ ಸಂದರ್ಭವನ್ನು ಕುಂಬಳೆ ಕಡೆಯ ಕನ್ನಡಕ್ಕೆ ಒಂದು ಪುಟದಷ್ಟು ತಂದಿದ್ದೇನೆ. ಮಗನ ಉತ್ತರದ ಜಾಗ ಖಾಲಿ ಬಿಟ್ಟಿದ್ದೇನೆ. ಸಮಯ ಇದ್ದರೆ ಓದ್ತೇನೆ, ಸರ್.